ಬೆಲ್ಟಿನ ಕಿರುಚು ಏನು ಹೇಳುತ್ತದೆ?

ಧಾರವಾಡದ ಮೂಡಣಕ್ಕೆ, ಎರೆಭೂಮಿಯ ನಡುವೆ ಹೆಬ್ಬಳ್ಳಿ ಎಂಬ ಊರಿದೆ. ಮಳೆಗಾಲದ ಒಂದು ಮುಂಜಾನೆ ನಾವು ಅಲ್ಲಿ ಮಿತ್ರರೊಬ್ಬರ ಮನೆಯಲ್ಲಿದ್ದೆವು. ಅವರು ಶಾಲೆಯ ಮಾಸ್ತರರು. ಹತ್ತು ವರ್ಷ ಓಡಿದ ಚಿಕ್ಕ ಕಾರೊಂದನ್ನು ಆಗಷ್ಟೇ ಕೊಂಡಿದ್ದರು. ಅವರು ಕೀಲಿ ತಿರುಗಿಸಿದ್ದೇ ತಡ, ಕಾರಿನ ಮುಂಭಾಗದಿಂದ ಕರ್ಕಶವಾದ ಕಿರುಚೊಂದು ಎದ್ದಿತು. ಅರ್ಧ ನಿಮಿಷದಲ್ಲಿ ಅದು ತಗ್ಗಿತಾದರೂ, ಅನಂತರ ‘ಚಿಕ್ ಚಿಕ್’ ಎಂಬ ಸಣ್ಣ ಸದ್ದು ಬಿಡದೆ ಕೇಳುತ್ತಲೇ ಇತ್ತು.

“ಇದನ್ನ ಕೊಂಡಾಗಿಂದ ಇದೇ ಗೋಳರಿ” ಎಂದರು ಮಾಸ್ತರರು. ಮಿಸ್ತ್ರಿಯೊಬ್ಬ ಹೊಸ ಬೆಲ್ಟು ಹಾಕಿದ್ದ. ಎರಡು ವಾರ ಸದ್ದಿರಲಿಲ್ಲ, ಆಮೇಲೆ ಮತ್ತೆ ಬಂದಿತ್ತು. ಇನ್ನೊಬ್ಬ, “ಸರ, ಡೈನಮೋ ಹೋಗೈತ್ರಿ, ಹೊಸಾದು ಹಾಕಸ್ರಿ” ಎಂದಿದ್ದ. ಅದರ ಬೆಲೆ ಕೇಳಿ ಮಾಸ್ತರರು ಹಿಂಜರಿದಿದ್ದರು. ಹಣ ತೆರುವ ಮೊದಲು ಕಾರಣವನ್ನು ನಾವೇ ಹುಡುಕೋಣವೆಂದು ನಿಶ್ಚಯಿಸಿದೆವು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದುತ್ತಿರುವ ಅವರ ಮಗಳೂ ನಮ್ಮ ಜೊತೆಗೂಡಿದಳು.

ಬೆಲ್ಟು ಹೇಗೆ ಹಿಡಿಯುತ್ತದೆ?

ಇಂಜಿನು ತಿರುಗಿಸುವ ಮುಖ್ಯ ದಂಡದ ತುದಿಯಲ್ಲಿ ಒಂದು ರಾಟೆಯಿರುತ್ತದೆ. ರಬ್ಬರಿನ ಬೆಲ್ಟು ಅದರ ಶಕ್ತಿಯನ್ನು ಇತರ ರಾಟೆಗಳಿಗೆ ಒಯ್ಯುತ್ತದೆ. ಮಾಸ್ತರರ ಕಾರಿನಲ್ಲಿ ಒಂದೇ ಬೆಲ್ಟು ವಿದ್ಯುತ್ತನ್ನು ಹುಟ್ಟಿಸುವ ಆಲ್ಟರ್ನೇಟರನ್ನೂ, ಇಂಜಿನನ್ನು ತಂಪಾಗಿಡುವ ನೀರಿನ ಪಂಪನ್ನೂ ತಿರುಗಿಸುತ್ತಿತ್ತು. ಮಿಸ್ತ್ರಿ ‘ಡೈನಮೋ’ ಎಂದದ್ದು ಈ ಆಲ್ಟರ್ನೇಟರನ್ನೇ. ಬೆಲ್ಟಿನ ಕೆಲಸ ಹಗುರವೆಂದು ಬಗೆಯಬಾರದು. ಆಲ್ಟರ್ನೇಟರು 14 ವೋಲ್ಟಿನಲ್ಲಿ 60 ಆಂಪಿಯರ್ ಪ್ರವಾಹವನ್ನು ಕೊಡುವಾಗ 840 ವಾಟ್ ಆಯಿತು. ಅದರ ದಕ್ಷತೆಯನ್ನು ನೂರಕ್ಕೆ 60 ಎಂದಿಟ್ಟುಕೊಂಡರೆ, ಬೆಲ್ಟು ಒದಗಿಸಬೇಕಾದದ್ದು 1,400 ವಾಟ್. ಎಂದರೆ ಎರಡು ಅಶ್ವಶಕ್ತಿಗೆ ತುಸು ಕಡಿಮೆ.

ಇಷ್ಟೆಲ್ಲ ಶಕ್ತಿ ಸಾಗುವುದು ಘರ್ಷಣೆಯೊಂದರ ಬಲದಿಂದ. ಕೊಸರುವ ಹೋರಿಯ ಹಗ್ಗವನ್ನು ರೈತನು ಕಂಬಕ್ಕೆ ಎರಡು ಸುತ್ತು ಸುತ್ತಿ, ತುದಿಯನ್ನು ಒಂದೇ ಕೈಯಲ್ಲಿ ಹಿಡಿದು ನಿಲ್ಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ಈ ಹಿಡಿತದ ಲೆಕ್ಕವನ್ನು ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್ ತೋರಿಸಿಕೊಟ್ಟನು. ಅವನ ಸೂತ್ರದಂತೆ, ರಾಟೆಯನ್ನು ಅರ್ಧ ಸುತ್ತು ತಬ್ಬಿದ ಚಪ್ಪಟೆ ಬೆಲ್ಟಿನ ಘರ್ಷಣಾಂಕ 0.3 ಆಗಿದ್ದರೆ, ಬಿಗಿ ಬದಿಯ ಎಳೆತವು ಸಡಿಲ ಬದಿಯ ಎಳೆತಕ್ಕಿಂತ ಸುಮಾರು ಎರಡೂವರೆ ಪಟ್ಟಿನವರೆಗೆ ಏರಬಹುದು. ಅದನ್ನು ಮೀರಿದರೆ ಬೆಲ್ಟು ಜಾರುತ್ತದೆ. ಹಳೆಯ ಹಿಟ್ಟಿನ ಗಿರಣಿಗಳಲ್ಲಿ ಇಂಥ ಚಪ್ಪಟೆ ಪಟ್ಟಾ ಇರುತ್ತಿತ್ತು.

ಅಮೆರಿಕದ ಜಾನ್ ಗೇಟ್ಸ್ ಎಂಬವನು 1917ರಲ್ಲಿ ‘ವಿ’ ಆಕಾರದ ರಬ್ಬರ್ ಬೆಲ್ಟನ್ನು ರೂಪಿಸಿದನು. ಇದು ರಾಟೆಯ ಗಾಡಿಯಲ್ಲಿ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಗಾಡಿಯ ಕೋನ 40 ಡಿಗ್ರಿಯಾದರೆ ಹಿಡಿತವು ಸುಮಾರು ಮೂರು ಪಟ್ಟಾಗಿ, ಎಳೆತಗಳ ಪ್ರಮಾಣ ಎರಡೂವರೆಯಿಂದ 15ಕ್ಕೂ ಮೇಲೆ ಏರುತ್ತದೆ. ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿರುವ ಏಣುಬೆಲ್ಟು ಅನೇಕ ಸಣ್ಣ ‘ವಿ’ಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದಂಥದು. ಆದರೆ ಇದರ ಮೇಲೆ ಜಾರು ದ್ರವವೊಂದು ಬಿದ್ದು, ಘರ್ಷಣಾಂಕ ಅರ್ಧಕ್ಕೆ ಇಳಿಯಿತೆನ್ನಿ. ಆ ಪ್ರಮಾಣ ಅರ್ಧಕ್ಕಲ್ಲ, ಸುಮಾರು 4ಕ್ಕೆ ಕುಸಿದುಬಿಡುತ್ತದೆ! ಕೆಲವೇ ಹನಿಗಳಿಂದ ಬೆಲ್ಟು ಜಾರುವ ಗುಟ್ಟು ಇದೇ.

ಜಾರಿದಾಗ ಸದ್ದೇಕೆ?

ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ಕರಿಹಲಗೆಯ ಮೇಲೆ ಎಳೆದರೆ ಮೈ ಜುಮ್ಮೆನ್ನಿಸುವ ಸದ್ದಾಗುವುದಷ್ಟೆ? ಸುಣ್ಣದ ತುದಿ ಹಲಗೆಗೆ ಅಂಟಿ, ಬಾಗಿ, ಥಟ್ಟನೆ ಜಾರಿ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾದಾಗ ಅದು ನಾದವಾಗಿ ಕೇಳುತ್ತದೆ. ಧಾರವಾಡದ ಸಂಗೀತಪ್ರಿಯರು ಮೆಚ್ಚುವ ಸಾರಂಗಿ, ಪಿಟೀಲುಗಳ ಇಂಪಿಗೂ ಇದೇ ಮೂಲ; ಕಮಾನಿಗೆ ರಾಳ ತೀಡುವುದು ಈ ಅಂಟು-ಜಾರಾಟ ಚೆನ್ನಾಗಿ ನಡೆಯಲೆಂದು. ಬೆಲ್ಟು ಕಿರುಚುವುದೂ ಹೀಗೆಯೇ.

ಹುಡುಕುವ ಬಗೆ

ಮೊದಲು ಸದ್ದನ್ನು ಗುರುತಿಸಬೇಕು. ಇಂಜಿನು ಹೊರಟೊಡನೆ ಅಥವಾ ದೊಡ್ಡ ದೀಪಗಳನ್ನು ಹಚ್ಚಿದೊಡನೆ ಬರುವ ಉದ್ದನೆಯ ಕಿರುಚು ಜಾರುವಿಕೆಯ ಲಕ್ಷಣ. ಇಂಜಿನನ್ನು ಎಬ್ಬಿಸಲು ಬ್ಯಾಟರಿ ವ್ಯಯಿಸಿದ ವಿದ್ಯುತ್ತನ್ನು ಮರಳಿ ತುಂಬಲು ಆಗ ಆಲ್ಟರ್ನೇಟರು ಹೆಚ್ಚು ದುಡಿಯಬೇಕಾಗುತ್ತದೆ. ಲಯಬದ್ಧವಾದ ಗಿಡ್ಡ ‘ಚಿಕ್ ಚಿಕ್’ ಸದ್ದಾದರೋ, ರಾಟೆಗಳು ಒಂದೇ ಸಾಲಿನಲ್ಲಿಲ್ಲದೆ ಬೆಲ್ಟು ಓರೆಯಾಗಿ ಒಳಹೊಗುವುದರ ಲಕ್ಷಣ. ನಮ್ಮ ಕಾರಿನಲ್ಲಿ ಎರಡೂ ಇದ್ದವು!

ಅನಂತರ ನೀರಿನ ಪರೀಕ್ಷೆ. ಇಂಜಿನು ಓಡುತ್ತಿರುವಾಗ ಬೆಲ್ಟಿನ ಏಣುಗಳ ಬದಿಗೆ ತುಸು ನೀರನ್ನು ದೂರದಿಂದ ಸಿಂಪಡಿಸಬೇಕು. ಸದ್ದು ಕೂಡಲೇ ಜೋರಾದರೆ ಬೆಲ್ಟಿನ ಬಿಗಿತ ಸಾಲದು. ಅಡಗಿ ಸ್ವಲ್ಪ ಹೊತ್ತಿನಲ್ಲಿ ಮರಳಿದರೆ ರಾಟೆಗಳ ಸಾಲು ತಪ್ಪಿದೆ. ಇಲ್ಲಿ ಎಚ್ಚರಿಕೆಯೊಂದುಂಟು: ಸೆರಗು, ದುಪಟ್ಟಾ, ಸಡಿಲ ತೋಳು, ಜಡೆ ಇವು ತಿರುಗುವ ಭಾಗಗಳ ಬಳಿ ಸುಳಿಯಬಾರದು. ಹುಡುಗಿ ದುಪಟ್ಟಾ ತೆಗೆದಿಟ್ಟು, ಜಡೆಯನ್ನು ಮೇಲೆ ಕಟ್ಟಿ, ಬಟ್ಟೆಗೆ ಇಸ್ತ್ರಿ ಮಾಡುವಾಗ ಬಳಸುವ ಸೀಸೆಯಿಂದ ನೀರು ಸಿಂಪಡಿಸಿದಳು. “ಕಾಕಾ, ಸುಮ್ಮನಾತು ನೋಡ್ರಿ! … ಇಲ್ಲರಿ, ಮತ್ತ ಚಾಲೂ ಆತು” ಎಂದಳು. ಎಂದಮೇಲೆ ಯಾವುದೋ ರಾಟೆ ವಾಲಿರಬೇಕು.

ಆಲ್ಟರ್ನೇಟರು ದೋಷಿಯೇ? ಇಂಜಿನು ಓಡುತ್ತಿರುವಾಗ ಬ್ಯಾಟರಿಯ ಎರಡು ತುದಿಗಳಿಗೆ ವೋಲ್ಟ್‌ಮಾಪಕ ಹಿಡಿದೆವು. ಅದು 14 ವೋಲ್ಟ್ ತೋರಿಸಿತು. ವಿದ್ಯುತ್ತು ಸರಿಯಾಗಿಯೇ ಹುಟ್ಟುತ್ತಿತ್ತು.

ಬಳಿಕ ಇಂಜಿನನ್ನು ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿ, ಬೆಲ್ಟನ್ನು ಕಳಚಿ ಒಂದೊಂದು ರಾಟೆಯನ್ನೂ ಕೈಯಿಂದ ತಿರುಗಿಸಿದೆವು. ಆಲ್ಟರ್ನೇಟರಿನ ರಾಟೆ ನುಣ್ಣಗೆ ತಿರುಗಿತು. ನೀರಿನ ಪಂಪಿನ ರಾಟೆಯೋ, ಗರಗರ ಎನ್ನುತ್ತ ಅತ್ತಿತ್ತ ಅಲುಗಾಡಿತು. ಅದರ ಬೇರಿಂಗು ಸವೆದಿತ್ತು. ಪಂಪಿನ ಅಡಿಯ ಸಣ್ಣ ರಂಧ್ರದಿಂದ ಕೂಲಂಟು ಇಳಿದು ಒಣಗಿದ ಹಸಿರು ಕಲೆಯೂ ಕಂಡಿತು.

ಎಲ್ಲಕ್ಕೂ ಒಂದೇ ಉತ್ತರ ದೊರೆಯಿತು. ಬೇರಿಂಗು ಸವೆದುದರಿಂದ ರಾಟೆ ವಾಲಿ ‘ಚಿಕ್ ಚಿಕ್’ ಎನ್ನುತ್ತಿತ್ತು. ದಂಡ ಅಲುಗಾಡಿದ್ದರಿಂದ ಪಂಪಿನ ಸೀಲು ಸಡಿಲಿ, ಕೂಲಂಟಿನ ಹನಿಗಳು ಬೆಲ್ಟಿಗೆ ಸಿಡಿದು ಜಾರಿಕೆಯ ಕಿರುಚನ್ನು ಹುಟ್ಟಿಸುತ್ತಿದ್ದವು. ಹೊಸ ಬೆಲ್ಟು ಎರಡು ವಾರ ಸುಮ್ಮನಿದ್ದುದು ಅದು ಕೂಲಂಟಿನಲ್ಲಿ ನೆನೆಯುವವರೆಗೆ ಮಾತ್ರ. ಹೊಸ ಆಲ್ಟರ್ನೇಟರನ್ನು ಕೂಡಿಸಿದ್ದರೂ ಸದ್ದು ನಿಲ್ಲುತ್ತಿರಲಿಲ್ಲ.

ಅಪಾಯ ಇನ್ನೂ ದೊಡ್ಡದಿತ್ತು. ಈ ಪಂಪು ಒಂದು ದಿನ ದಾರಿಯಲ್ಲಿ ಬಿಗಿದು ನಿಂತಿದ್ದರೆ ಬೆಲ್ಟು ಹರಿದು, ಕೂಲಂಟಿನ ಹರಿವು ನಿಂತು, ಇಂಜಿನು ಕೆಲವೇ ನಿಮಿಷಗಳಲ್ಲಿ ಅತಿಯಾಗಿ ಕಾದು ಕೆಡುತ್ತಿತ್ತು. ರಾತ್ರಿ ಹೊತ್ತಿನಲ್ಲಿ ರೋಗಿಯೊಬ್ಬರನ್ನು ಧಾರವಾಡಕ್ಕೆ ಒಯ್ಯುವಾಗ ಹಾಗಾದರೆ ಗತಿಯೇನು?

ಕಿರುಚು ಕೇಳಿದೊಡನೆ ಬೆಲ್ಟನ್ನು ಇನ್ನಷ್ಟು ಬಿಗಿಯುವುದು, ಇಲ್ಲವೆ ಅದಕ್ಕೆ ಅಂಟುದ್ರವ ಹೊಡೆಯುವುದು ಹಲವರ ರೂಢಿ. ಸದ್ದು ಅಡಗೀತು, ಆದರೆ ಮಿತಿಮೀರಿದ ಬಿಗಿತ ಗಟ್ಟಿಯಾಗಿರುವ ಬೇರಿಂಗುಗಳನ್ನೂ ಸವೆಸುತ್ತದೆ. ಬಿಗಿತ ಎಷ್ಟಿರಬೇಕೆಂಬುದನ್ನು ಕಾರಿನ ಕೈಪಿಡಿ ನೋಡಿ ತಿಳಿಯತಕ್ಕದ್ದು. ಹೊಸ ಬಗೆಯ ರಬ್ಬರಿನ ಬೆಲ್ಟುಗಳು ಬಿರುಕು ತೋರದೆಯೇ ಸವೆಯುವುದುಂಟು. ಆದಕಾರಣ ಕಣ್ಣಿಗೆ ಚೆನ್ನಾಗಿ ಕಂಡ ಬೆಲ್ಟು ಚೆನ್ನಾಗಿಯೇ ಇದೆಯೆಂದು ನಂಬುವಂತಿಲ್ಲ.

ಮರುದಿನ ಪಂಪನ್ನೂ ಕೂಲಂಟಿನಲ್ಲಿ ನೆನೆದ ಬೆಲ್ಟನ್ನೂ ಬದಲಿಸಿದ್ದಾಯಿತು. ಹಳೆಯ ಪಂಪನ್ನು ಗುಜರಿಗೆ ಹಾಕಲು ಹುಡುಗಿ ಬಿಡಲಿಲ್ಲ. ಅದರ ರಾಟೆಯನ್ನು ತಿರುಗಿಸಿ ಗೆಳತಿಯರಿಗೆ ಆ ಗರಗರ ಸದ್ದನ್ನು ಕೇಳಿಸಬೇಕೆಂದು ಕಾಗದದಲ್ಲಿ ಸುತ್ತಿ ಕಾಲೇಜಿಗೆ ಒಯ್ದಳು.