ಜಪಾನ್, ಚೀನಾ ಮತ್ತು ನಮ್ಮ ನಾಲ್ಕು ಊರುಗಳು: ಸಂಸ್ಕೃತಿ ಸಂಪರ್ಕದ ಒಂದು ವಿವೇಚನೆ

ಎರಡು ನಾಡುಗಳ ನಡುವಣ ಸಂಸ್ಕೃತಿ ಸಂಪರ್ಕವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಉತ್ಸವಗಳು, ಮೆರವಣಿಗೆಗಳು, ನೃತ್ಯಗೀತಗಳು, ವೇಷಭೂಷಣಗಳು. ಕಣ್ಣಿಗೆ ಕಾಣುವುದನ್ನೇ ಮೊದಲು ಎಣಿಸುವುದು ಮನುಷ್ಯಸ್ವಭಾವ. ಆದರೆ ಇತಿಹಾಸವನ್ನು ಅಭ್ಯಾಸಮಾಡುವವರು ರಂಗದ ಮೇಲೆ ನಡೆಯುವುದನ್ನು ಮಾತ್ರ ನೋಡಿ ತೃಪ್ತರಾಗಲಾಗದು. ರಂಗವೇ ಇಲ್ಲದ ಕಡೆಯಲ್ಲಿ, ಹುಳು ಸಾಕುವ ಮನೆಯಲ್ಲಿ, ನೂಲು ಬಿಚ್ಚುವ ಒಲೆಯ ಬಳಿಯಲ್ಲಿ, ಮರ ಕಡೆಯುವ ಯಂತ್ರದ ಮುಂದೆ ನಡೆಯುವ ಸಂಪರ್ಕವೂ ಸಂಸ್ಕೃತಿ ಸಂಪರ್ಕವೇ ಆಗಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

ಉತ್ಸವವೆಂಬುದು ಹೇಗೆ ಹುಟ್ಟುತ್ತದೆಂಬುದಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರವು ಒಳ್ಳೆಯ ನಿದರ್ಶನ. ಚಿನ್ನದ ಗಣಿಗಳಿಗೂ ರೈಲುದಾರಿಯ ಕೆಲಸಕ್ಕೂ ಬಂದ ಚೀನೀಯರು 19ನೆಯ ಶತಮಾನದಲ್ಲಿಯೇ ಅಲ್ಲಿ ನೆಲೆಸಿದರು. 1882ರಲ್ಲಿ ಅಮೆರಿಕ ಸರ್ಕಾರವು ಚೀನೀ ಕೂಲಿಗಾರರ ಪ್ರವೇಶವನ್ನು ಕಾನೂನಿನಿಂದ ನಿಷೇಧಿಸಿತು. ಆ ನಿಷೇಧವು ತೊಲಗಿದ್ದು 1943ರಲ್ಲಿ. ಕೊರಿಯಾ ಯುದ್ಧದಲ್ಲಿ ಚೀನಾ ಅಮೆರಿಕದ ಎದುರಾಳಿಯಾಗಿ ನಿಂತಿದ್ದಾಗ, 1953ರಲ್ಲಿ, ಅಲ್ಲಿನ ಚೀನೀಯರು ತಮ್ಮ ಹೊಸವರ್ಷದ ಮೆರವಣಿಗೆಯನ್ನು ನಗರದ ಎಲ್ಲರೂ ಕಾಣುವಂತೆ ಬೀದಿಗೆ ತಂದರು. ಜಪಾನೀಯರ ಕಥೆಯೂ ಇದಕ್ಕೆ ಹತ್ತಿರವಾದುದೇ. 1942ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಿಂದ ಜಪಾನೀ ವಂಶದ ಸುಮಾರು 1,20,000 ಮಂದಿಯನ್ನು ಹೊರಡಿಸಿ ಶಿಬಿರಗಳಲ್ಲಿ ಇರಿಸಲಾಯಿತು. ಅವರಲ್ಲಿ ಬಹುಪಾಲು ಜನ ಅಮೆರಿಕದ ಪೌರರೇ ಆಗಿದ್ದರು. ಯುದ್ಧಾನಂತರ ಮರಳಿದವರ ಪೇಟೆಯಲ್ಲಿ 1968ರಲ್ಲಿ ಚೆರಿ ಹೂವಿನ ಉತ್ಸವವು ಮೊದಲಾಯಿತು. ಎರಡು ಉತ್ಸವಗಳೂ ಬರಿಯ ವಿನೋದಗಳಲ್ಲ. ‘ನೀವು ಯಾರು?’ ಎಂದು ನಗರವು ಸಂಶಯದಿಂದ ಕೇಳಿದ ಪ್ರಶ್ನೆಗೆ ಒಂದು ಜನಸಮುದಾಯವು ಡೊಳ್ಳು ಬಾರಿಸಿ, ದೀಪ ಹಚ್ಚಿ ಕೊಟ್ಟ ಉತ್ತರಗಳು ಅವು.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಬೆಂಗಳೂರಿನಲ್ಲಿ 2005ರಲ್ಲಿ ಆರಂಭವಾದ ‘ಜಪಾನ್ ಹಬ್ಬ’ವು ಇಂಥದೇ ಒಂದು ಸಂದರ್ಭ. ಕಾಗದ ಮಡಿಸಿ ಬೊಂಬೆ ಮಾಡುವ ಕಲೆ, ಕುಂಚದ ಬರೆವಣಿಗೆ, ಹೂವಿನ ಅಲಂಕಾರ, ಜಪಾನೀ ನೃತ್ಯ ಇವೆಲ್ಲ ಅಲ್ಲಿ ನಡೆಯುತ್ತವೆ. ಹೆಸರಿನಲ್ಲಿಯೇ ‘ಹಬ್ಬ’ವೆಂಬ ಕನ್ನಡ ಮಾತು ಸೇರಿರುವುದು ಸಂತೋಷದ ಸಂಗತಿ. ಆದರೆ ಸ್ಯಾನ್ ಫ್ರಾನ್ಸಿಸ್ಕೊಗೂ ಇಲ್ಲಿಗೂ ಒಂದು ಮುಖ್ಯ ಭೇದವುಂಟು. ಅಲ್ಲಿ ಜನ ಮೊದಲು ಬಂದರು, ಉತ್ಸವ ಆಮೇಲೆ ಬಂದಿತು. ಇಲ್ಲಿಯ ಉತ್ಸವದ ಹಿಂದೆ ಅಂಥ ಹಳೆಯ ವಲಸೆಯ ಪೇಟೆ ಯಾವುದೂ ಇಲ್ಲ. ಉದ್ಯೋಗನಿಮಿತ್ತವಾಗಿ ಕೆಲವು ವರ್ಷ ತಂಗುವ ಕುಟುಂಬಗಳೂ, ಜಪಾನೀ ಭಾಷೆಯನ್ನು ಕಲಿಯುವ ನಮ್ಮ ತರುಣ ತರುಣಿಯರೂ ಅದರ ಆಧಾರ.

ಆ ಹಬ್ಬವನ್ನು ನೋಡಿಬಂದ ನಮ್ಮ ವಿದ್ಯಾರ್ಥಿನಿಯೊಬ್ಬಳು, “ಚೆನ್ನಾಗಿತ್ತು ಸಾರ್, ಆದರೆ ನಮ್ಮ ಕಡೆಗೂ ಜಪಾನಿಗೂ ಏನು ಸಂಬಂಧ?” ಎಂದು ಕೇಳಿದಳು. ಕನಕಪುರದ ಕಡೆಯ ರೈತ ಮನೆತನದ ಹುಡುಗಿ. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಈ ಲೇಖನವು ಒಂದು ರೀತಿಯಲ್ಲಿ ಅವಳಿಗೆ ನಾವು ಕೊಡುವ ಉತ್ತರ.

ಈ ನಾಲ್ಕು ಊರುಗಳ ಸೀಮೆಯು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರೆಯಾಗಿ ರಾಮನಗರ ಜಿಲ್ಲೆಯೆನಿಸಿತು. 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರು ಬದಲಾಯಿತು. ಹೆಸರು ಏನೇ ಆದರೂ ಇದು ರೇಷ್ಮೆಯ ಸೀಮೆ. ರೇಷ್ಮೆಹುಳುವಾದರೋ ಚೀನಾದಲ್ಲಿ ಸಹಸ್ರಾರು ವರ್ಷಗಳ ಹಿಂದೆ ಮನೆಯ ಸಾಕುಜೀವಿಯಾದುದು. ಹಾರಲಾರದ, ಮನುಷ್ಯನ ಕೈಯಿಂದ ಸೊಪ್ಪು ಬೀಳದೆ ಬದುಕಲಾರದ ಜೀವಿ. ಮೈಸೂರು ದೇಶದಲ್ಲಿ 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಈ ಕಸುಬಿಗೆ ಪ್ರೋತ್ಸಾಹವಿತ್ತನು. ಕಾಲಾಂತರದಲ್ಲಿ ನಮ್ಮ ಬಿಸಿಲಿಗೂ ಗಾಳಿಗೂ ಒಗ್ಗಿಹೋದ ಹುಳುವೇ ‘ಮೈಸೂರು ತಳಿ’. ಹಳದಿಗೆ ಹಸಿರು ಬೆರೆತ ಬಣ್ಣದ, ತುದಿ ಚೂಪಾದ ಅದರ ಬಿತ್ತನೆಗೂಡನ್ನು ಮಾಗಡಿ, ಕುಣಿಗಲುಗಳ ಕಡೆಯ ರೈತರು ಪೀಳಿಗೆಯಿಂದ ಪೀಳಿಗೆಗೆ ಕಾಪಾಡಿಕೊಂಡು ಬಂದಿದ್ದಾರೆ. ಈ ತಳಿ ಗಟ್ಟಿಜೀವಿ, ವರ್ಷವಿಡೀ ಸಾಕಬಹುದು. ಕೊರತೆಯೆಂದರೆ ಒಂದು ಗೂಡಿನಿಂದ ಬರುವ ಎಳೆ ಸುಮಾರು 400 ಮೀಟರು ಮಾತ್ರ.

ಈ ಕೊರತೆಯನ್ನು ನೀಗುವ ಯತ್ನದಲ್ಲಿಯೇ ಜಪಾನಿನ ಪ್ರವೇಶವಾಯಿತು. 1893ರಲ್ಲಿ ಜಪಾನಿಗೆ ಹೋಗಿದ್ದ ಜಮ್ಷೆಟ್‌ಜಿ ಟಾಟಾ ಅವರು ಆ ಶತಮಾನ ಮುಗಿಯುವ ಮುನ್ನವೇ ಬೆಂಗಳೂರಿನಲ್ಲಿ ಜಪಾನೀ ತಜ್ಞರ ನೆರವಿನಿಂದ ರೇಷ್ಮೆ ತೋಟವನ್ನು ಸ್ಥಾಪಿಸಿದರು. ಬಸವನಗುಡಿಯ ಬಳಿ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಇಂದಿಗೂ ಉಳಿದಿದೆ. ಅತ್ತ ಜಪಾನಿನಲ್ಲಿ ಟೋಯಾಮಾ ಕಾಮೆಟಾರೊ ಎಂಬ ವಿದ್ವಾಂಸನು, ಮೆಂಡೆಲನು ಬಟಾಣಿಯಲ್ಲಿ ಕಂಡ ಆನುವಂಶಿಕ ನಿಯಮವು ರೇಷ್ಮೆಹುಳುವಿಗೂ ಸಲ್ಲುತ್ತದೆಂದು 1906ರಲ್ಲಿ ತೋರಿಸಿ, ಎರಡು ತಳಿಗಳ ಸಂಕರದಿಂದ ಹುಟ್ಟಿದ ಮೊದಲ ಪೀಳಿಗೆಯನ್ನೇ ರೈತನಿಗೆ ಕೊಡಬೇಕೆಂದು ಪ್ರತಿಪಾದಿಸಿದನು. ಮೈಸೂರು ಸಂಸ್ಥಾನದ ರೇಷ್ಮೆ ಇಲಾಖೆಯು 1920ರ ದಶಕದಲ್ಲಿ ಇದೇ ಮಾರ್ಗವನ್ನು ಹಿಡಿಯಿತು. ಮೈಸೂರು ತಳಿಯ ಹೆಣ್ಣುಚಿಟ್ಟೆಗೆ ಜಪಾನೀ ಮೂಲದ ‘ಸಿ. ನಿಚಿ’ ತಳಿಯ ಗಂಡನ್ನು ಕೂಡಿಸಿ ಪಡೆದ ಮೊಟ್ಟೆಗಳು ಹಳ್ಳಿಹಳ್ಳಿಗೂ ಹರಡಿದುವು. ಮಿಶ್ರತಳಿಯೆಂದು ನಮ್ಮ ರೈತರು ಕರೆಯುವ ಸಂಪ್ರದಾಯಕ್ಕೆ ಅಲ್ಲಿಂದ ನಾಂದಿಯಾಯಿತು.

ಇದಕ್ಕಿಂತ ಆಳವಾದ ಸಂಪರ್ಕವು ನಡೆದುದು 1991ರಿಂದ 2007ರ ವರೆಗೆ. ಜಪಾನ್ ಅಂತಾರಾಷ್ಟ್ರೀಯ ಸಹಕಾರ ಸಂಸ್ಥೆಯೂ ನಮ್ಮ ಕೇಂದ್ರ ರೇಷ್ಮೆ ಮಂಡಲಿಯೂ ಕೂಡಿ ಮೂರು ಹಂತಗಳಲ್ಲಿ ದ್ವಿತಳಿ ರೇಷ್ಮೆಯ ಯೋಜನೆಯನ್ನು ಕೈಗೊಂಡುವು. ವರ್ಷಕ್ಕೆ ಸ್ವಭಾವತಃ ಎರಡೇ ಪೀಳಿಗೆ ಕಾಣುವ, ಸುಮಾರು 1000 ಮೀಟರು ಎಳೆ ಕೊಡುವ ಹುಳುವೇ ದ್ವಿತಳಿ. ತಂಪು ದೇಶದ ಈ ಸುಕುಮಾರ ಜೀವಿಯನ್ನು ನಮ್ಮ ಉಷ್ಣದಲ್ಲಿ ಉಳಿಸುವುದು ಸುಲಭವಾಗಿರಲಿಲ್ಲ. ಮೈಸೂರಿನ ಸಂಶೋಧನಾಲಯದಲ್ಲಿ ‘ಸಿ.ಎಸ್.ಆರ್.’ ಎಂಬ ಹೆಸರಿನ ತಳಿಗಳು ಸಿದ್ಧವಾದುವು. ತಳಿಯೊಡನೆ ಒಂದು ನಡವಳಿಕೆಯೂ ಬಂದಿತು: ಹುಳುಮನೆಯನ್ನು ವಾಸದ ಮನೆಯಿಂದ ಬೇರೆಮಾಡುವುದು, ಪ್ರತಿ ಬೆಳೆಗೂ ಮೊದಲು ಸೋಂಕು ತೊಳೆಯುವುದು, ಎಲೆಯನ್ನು ಬಿಡಿಸಿ ಹಾಕುವುದರ ಬದಲು ರೆಂಬೆಯನ್ನೇ ಇಡುವುದು, ಬಿದಿರಿನ ಚಂದ್ರಿಕೆಯ ಜೊತೆಗೆ ತಿರುಗುವ ಚೌಕಟ್ಟುಗಳಲ್ಲಿ ಹುಳುವನ್ನು ಗೂಡಿಗೆ ಬಿಡುವುದು. ಇವು ಕೃಷಿಯ ಸಲಹೆಗಳಷ್ಟೇ ಅಲ್ಲ. ಶುಚಿಯನ್ನೂ ಕಾಲನಿಯಮವನ್ನೂ ಕುರಿತು ಒಂದು ಜನತೆಯಿಂದ ಇನ್ನೊಂದು ಜನತೆಗೆ ದಾಟಿದ ಅಭ್ಯಾಸಗಳು.

ಇಲ್ಲಿ ವಾಚಕರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ತಳಿಶಾಸ್ತ್ರದಲ್ಲಿ ಮೊಟ್ಟೆಯಂತೆ ದುಂಡಾದ ಗೂಡನ್ನು ಕಟ್ಟುವ ಹುಳುವನ್ನು ಚೀನೀ ಮಾದರಿಯೆಂದೂ, ಕಡಲೆಕಾಯಿಯಂತೆ ನಡು ಸಣ್ಣಗಾದ ಗೂಡನ್ನು ಕಟ್ಟುವ ಹುಳುವನ್ನು ಜಪಾನೀ ಮಾದರಿಯೆಂದೂ ಕರೆಯುತ್ತಾರೆ. ಹೆಸರಾಂತ ಸಂಕರವೊಂದರಲ್ಲಿ ಸಿ.ಎಸ್.ಆರ್.2 ಚೀನೀ ಮಾದರಿಯದು, ಸಿ.ಎಸ್.ಆರ್.4 ಜಪಾನೀ ಮಾದರಿಯದು. ಎರಡನ್ನೂ ಕೂಡಿಸಿದಾಗ ಬರುವ ಬಿಳಿಯ ಗೂಡಿನ ಆಕಾರವು ಅವೆರಡರ ನಡುವಿನದು. ಇನ್ನು ಮೈಸೂರು ತಳಿಗೆ ಸಿ.ಎಸ್.ಆರ್.2ನ್ನು ಕೂಡಿಸಿದರೆ ಮಿಶ್ರತಳಿಯ ಹಳದಿ ಗೂಡು. ಅಂದಮೇಲೆ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ರಾಶಿ ಸುರಿದಾಗ, ಚೀನಾ, ಜಪಾನ್, ಮೈಸೂರು ಮೂರೂ ಒಂದೇ ತೊಟ್ಟಿಯಲ್ಲಿ ಸೇರಿರುತ್ತವೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ಉತ್ಸವ ಬೇರೆ, ಜಪಾನೀ ಉತ್ಸವ ಬೇರೆ. ನಮ್ಮಲ್ಲಿ ಒಂದೇ ಗೂಡು.

ಆದರೆ ಗುರುವಾಗಿ ಬಂದವರೇ ಪ್ರತಿಸ್ಪರ್ಧಿಗಳಾಗಿಯೂ ಬಂದರೆಂಬುದನ್ನು ಮರೆಯಬಾರದು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಜಪಾನ್, ಚೀನಾಗಳ ಅಗ್ಗದ ರೇಷ್ಮೆಯೂ ಕೃತಕ ರೇಷ್ಮೆಯೂ ನಮ್ಮ ಮಾರುಕಟ್ಟೆಗೆ ನುಗ್ಗಿ ಮೈಸೂರಿನ ಕಸುಬು ಕುಸಿಯಿತು. ಸುಂಕ ಮಂಡಲಿಯ ವಿಚಾರಣೆಯ ನಂತರ 1934ರಲ್ಲಿ ರಕ್ಷಣಾ ಸುಂಕವು ಜಾರಿಗೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನೀ ರೇಷ್ಮೆಯ ದಾರಿ ಮುಚ್ಚಿ, ಹಾರುಕೊಡೆಗಳಿಗೆ ಬೇಕಾದ ನೂಲಿಗಾಗಿ ಮೈಸೂರು ರೇಷ್ಮೆಗೆ ಹಠಾತ್ತನೆ ಬೇಡಿಕೆ ಬಂದಿತು. ಇತಿಹಾಸವು ಚೀನಾದ ರೂಪದಲ್ಲಿ ಮತ್ತೆ ಮರಳಿತು. 2003ರಲ್ಲಿ ಚೀನೀ ಕಚ್ಚಾ ರೇಷ್ಮೆಯ ಮೇಲೆ ಭಾರತವು ಸುರಿವಿಕೆ ವಿರೋಧಿ ಸುಂಕವನ್ನು ಹೇರಿತು. 2011ರಲ್ಲಿ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ನಮ್ಮ ಬೆಳೆಗಾರರು ಕಂಗೆಟ್ಟರು. ಅದೇ ಚೀನಾದಲ್ಲಿ ತಯಾರಾದ ಸ್ವಯಂಚಾಲಿತ ನೂಲು ಬಿಚ್ಚುವ ಯಂತ್ರಗಳು ರಾಮನಗರಕ್ಕೆ ಬಂದಿರುವುದೂ ಸತ್ಯ. ಅವುಗಳ ಪಕ್ಕದ ಬೀದಿಯಲ್ಲಿಯೇ ಚರಕದ ಮುಂದೆ ಕುಳಿತು ಬಿಸಿನೀರಿನಲ್ಲಿ ಬೆರಳದ್ದಿ ಎಳೆ ಹುಡುಕುವ ಕುಟುಂಬಗಳಿವೆ. ಅವರಲ್ಲಿ ಬಹುಮಂದಿ ಮುಸಲ್ಮಾನರು. ಯಂತ್ರಕ್ಕೆ ಬೇಕಾದುದು ಏಕರೂಪದ ದ್ವಿತಳಿ ಗೂಡು. ಚರಕವು ಒರಟು ಗೂಡನ್ನೂ ಸಹಿಸುತ್ತದೆ. ಯಂತ್ರವು ಗೆದ್ದಂತೆಲ್ಲ ಗೂಡಿನ ಗುಣ ಹೆಚ್ಚುವುದು ನಿಜ. ಚರಕದವರ ಅನ್ನ ಕುಗ್ಗುವುದೂ ನಿಜ.

ಚನ್ನಪಟ್ಟಣದ ಬೊಂಬೆಗಳ ಕಥೆಯೂ ಇದನ್ನೇ ಹೇಳುತ್ತದೆ. 20ನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಎಂಬವರು ಜಪಾನೀ ಬೊಂಬೆ ತಯಾರಿಕೆಯ ವಿಧಾನಗಳನ್ನು ಅರಿತು ಸ್ಥಳೀಯ ಕುಶಲಿಗಳಿಗೆ ಹೇಳಿಕೊಟ್ಟರೆಂದು ಊರಿನಲ್ಲಿ ಪ್ರತೀತಿ. ಜಪಾನಿನ ಈಶಾನ್ಯ ಸೀಮೆಯ ‘ಕೊಕೆಶಿ’ ಬೊಂಬೆಗೂ ಚನ್ನಪಟ್ಟಣದ ಬೊಂಬೆಗೂ ಇರುವ ಹೋಲಿಕೆ ಎದ್ದುಕಾಣುತ್ತದೆ: ದುಂಡು ತಲೆ, ಉರುಳೆಯಂಥ ಮೈ, ಕಡೆಯುವ ಯಂತ್ರದ ಮೇಲೆಯೇ ಬಳಿದ ಬಣ್ಣದ ಪಟ್ಟೆಗಳು. ಆದರೆ ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದು. ಜಪಾನೀಯರ ಪ್ರಸಿದ್ಧ ಮೆರುಗು ಒಂದು ಮರದ ರಸ; ಅದನ್ನು ಕುಂಚದಿಂದ ಬಳಿದು ತೇವದ ಗಾಳಿಯಲ್ಲಿ ಗಟ್ಟಿಮಾಡುತ್ತಾರೆ. ನಮ್ಮದು ಕೀಟದಿಂದ ದೊರೆಯುವ ಅರಗು. ತಿರುಗುತ್ತಿರುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಬಿಸಿಗೆ ಅದು ಕರಗಿ ಹರಡುತ್ತದೆ. ಕೇದಗೆಯ ಗರಿಯಿಂದ ತಿಕ್ಕಿದರೆ ಹೊಳಪೇರುತ್ತದೆ. ಆಕಾರದಲ್ಲಿ ಜಪಾನಿನ ನೆರಳು ಇರಬಹುದು. ಹೊಳಪು ಮಾತ್ರ ನಮ್ಮ ನೆಲದ್ದೇ. ಈ ಕಸುಬಿಗೆ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ಆದರೂ ಚೀನಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಎಷ್ಟೋ ಮಂದಿಯನ್ನು ಕಸುಬಿನಿಂದ ಎಬ್ಬಿಸಿದುವು. 2020ರಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇಕಡಾ 20ರಿಂದ 60ಕ್ಕೆ ಏರಿಸಿದ ಮೇಲೆ ಕೊಂಚ ಉಸಿರಾಡುವಂತಾಯಿತು.

ಬಿಡದಿಯಲ್ಲಿ 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿದ ಟೊಯೋಟಾ ಕಿರ್ಲೋಸ್ಕರ್ ಮೋಟಾರು ಕಾರ್ಖಾನೆಯನ್ನೂ ಇದೇ ಸಾಲಿನಲ್ಲಿ ಎಣಿಸಬೇಕು. ಇಂದು ‘ಕೈಜೆನ್’ ಎಂಬ ಜಪಾನೀ ಮಾತು, ದಿನದಿನವೂ ಚೂರು ಚೂರಾಗಿ ಸುಧಾರಿಸುವುದೆಂಬ ಅರ್ಥದಲ್ಲಿ, ರಾಗಿಹೊಲದ ಮನೆಗಳಿಂದ ಪಾಳಿಗೆ ಹೋಗುವ ತರುಣರ ಬಾಯಲ್ಲಿಯೂ ಕೇಳಬರುತ್ತದೆ.

ಇಷ್ಟೆಲ್ಲ ಸಂಪರ್ಕವಿದ್ದೂ ನಮ್ಮ ವಿದ್ಯಾರ್ಥಿನಿಗೆ “ಏನು ಸಂಬಂಧ?” ಎನಿಸಿದುದೇಕೆ? ಉತ್ಸವಕ್ಕೆ ಹೆಸರುಂಟು, ದಿನಾಂಕವುಂಟು, ಭಾವಚಿತ್ರವುಂಟು. ಕಸುಬಿನ ಸಂಪರ್ಕಕ್ಕೆ ಇವೊಂದೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜನ ತಮ್ಮನ್ನು ಮರೆಯದಿರಲೆಂದು ಮೆರವಣಿಗೆ ಹೊರಟರು. ಇಲ್ಲಿ ಬಂದದ್ದು ಹುಳು, ಯಂತ್ರ, ಅಭ್ಯಾಸ, ಸ್ಪರ್ಧೆ. ಅವು ತಮಗಾಗಿ ಮೆರವಣಿಗೆ ಹೊರಡಲಾರವು. ಅವುಗಳ ಪರವಾಗಿ ಮಾತನಾಡಬೇಕಾದುದು ಇತಿಹಾಸ. ಮೊದಲ ದ್ವಿತಳಿ ಬೆಳೆಯನ್ನು ನಡುಗುತ್ತ ಸಾಕಿದ ರೈತರು, ಚರಕದಿಂದ ಯಂತ್ರಕ್ಕೆ ದಾಟಿದವರು, ದಾಟಲಾಗದೆ ಬೇರೆ ಕೂಲಿಗೆ ಹೋದವರು, ಅರಗಿನ ಕಡ್ಡಿ ಹಿಡಿದ ಮುದುಕರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತುಗಳನ್ನು ಕೇಳಿ ಬರೆದಿಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ಮನೆಗಳಿಂದಲೇ ಮೊದಲುಮಾಡಬಹುದು. ಆ ವಿದ್ಯಾರ್ಥಿನಿಗೆ ನಾವು ಹೇಳಿದುದೂ ಇಷ್ಟೇ: “ಈ ಸಲ ಊರಿಗೆ ಹೋದಾಗ ಗೂಡನ್ನು ಅಂಗೈಯಲ್ಲಿಟ್ಟುಕೊಂಡು ಅದರ ಆಕಾರವನ್ನು ನೋಡಮ್ಮ. ಆಮೇಲೆ ನಿಮ್ಮ ತಂದೆಯವರನ್ನು ಕೇಳು, ಇದು ನಮ್ಮ ಮನೆಗೆ ಎಂದು ಬಂತು, ಯಾರು ತಂದರು ಎಂದು.”