ಪಾರಿವಾಳದ ಕುಕ್ಕು, ರಮ್ಮಿಯ ಎಲೆ

2020ರ ಸೆಪ್ಟೆಂಬರ್‌ನಲ್ಲಿ ಆಂಧ್ರಪ್ರದೇಶ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ರಮ್ಮಿ, ಪೋಕರ್‌ಗಳನ್ನು ಸುಗ್ರೀವಾಜ್ಞೆಯ ಮೂಲಕ ನಿಷೇಧಿಸಿತು. ವಿಶಾಖಪಟ್ಟಣದಲ್ಲಿ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡದಲ್ಲಿ ಇಳಿಯುವವರೆಗೂ ಮೊಬೈಲಿನಲ್ಲಿ ಎಲೆ ಹಾಕುತ್ತ ಕೂರುವುದು ಕಾನೂನಿನ ಮಟ್ಟಿಗಾದರೂ ಮುಗಿಯಿತು. ತಮಾಷೆಯೆಂದರೆ, ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ್ದೂ ಇದೇ ರಾಜ್ಯದ ಮೊಕದ್ದಮೆಯಲ್ಲಿ. ಅದು ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣ. ಕರ್ನಾಟಕದ 2021ರ ನಿಷೇಧದ ಮುಖ್ಯ ಭಾಗಗಳನ್ನು ನಮ್ಮ ಹೈಕೋರ್ಟ್ ಮರುವರ್ಷ ರದ್ದು ಮಾಡಿದಾಗಲೂ ಜಾಣ್ಮೆಯ ವಾದವೇ ಮುಂದಿತ್ತು.

ಮನೋವಿಜ್ಞಾನ ಕೇಳುವುದು ಬೇರೆಯದನ್ನೇ: ಗೆಲುವು ಯಾವ ಲೆಕ್ಕದಲ್ಲಿ ಕೈಗೆ ಬರುತ್ತದೆ?

ಇದಕ್ಕೆ ಉತ್ತರ ಕೊಟ್ಟದ್ದು ಹಾರ್ವರ್ಡಿನ ಹಸಿದ ಪಾರಿವಾಳಗಳು. ಮನೋವಿಜ್ಞಾನಿಗಳಾದ ಬಿ.ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ ಅವುಗಳನ್ನು ಪೆಟ್ಟಿಗೆಯಲ್ಲಿಟ್ಟು, ಗೋಡೆಯ ಬಿಲ್ಲೆಯನ್ನು ಕುಕ್ಕಿದರೆ ಕಾಳು ಸಿಗುವಂತೆ ಮಾಡಿದರು. 1957ರ ಅವರ ಗ್ರಂಥದ ಹಿಂದೆ ಸುಮಾರು 70,000 ಗಂಟೆಗಳ ದಾಖಲೆಯಿದೆ, ಹತ್ತಿರ ಹತ್ತಿರ 25 ಕೋಟಿ ಕುಕ್ಕುಗಳು.

ಕಾಳು ಹಾಕುವ ನಿಯಮ ಬದಲಾದಂತೆ ಹಕ್ಕಿಯ ವೇಗವೂ ಬದಲಾಯಿತು. ಇಂತಿಷ್ಟು ನಿಮಿಷವಾದ ಮೇಲೆ ಕುಕ್ಕಿದರಷ್ಟೇ ಕಾಳು ಎಂದಾದರೆ, ಕಾಳು ತಿಂದ ಹಕ್ಕಿ ಸುಮ್ಮನಾಗುತ್ತದೆ. ಹೊತ್ತು ಹತ್ತಿರವಾದಂತೆ ಚುರುಕಾಗುತ್ತದೆ. ಪರೀಕ್ಷೆ ಬಂದಾಗ ಪುಸ್ತಕ ಹಿಡಿಯುವ ಹುಡುಗರ ಹಾಗೆ. ಅವಧಿ ಏರುಪೇರಾದರೆ ವೇಗ ಮಂದ, ಆದರೆ ಎಡೆಬಿಡದು. ನಿಗದಿತ ಸಂಖ್ಯೆಯ ಕುಕ್ಕಿಗೆ ಕಾಳು ಎಂದರೆ ಓಟ ಜೋರು, ಪ್ರತಿ ಕಾಳಿನ ನಂತರ ಸಣ್ಣ ವಿರಾಮ. ಈ ಸಂಖ್ಯೆಯನ್ನೇ ಏರುಪೇರು ಮಾಡಿದರೆ? ಒಮ್ಮೆ ಹತ್ತಕ್ಕೆ, ಒಮ್ಮೆ ಇನ್ನೂರಕ್ಕೆ. ಆಗ ವಿರಾಮವೇ ಹೆಚ್ಚುಕಡಿಮೆ ಮಾಯ. ಮುಂದಿನ ಕುಕ್ಕೇ ಕಾಳು ತರಬಹುದು, ಬೇಗ ಕುಕ್ಕಿದಷ್ಟೂ ಬೇಗ ತರಬಹುದು. ಸೆಕೆಂಡಿಗೆ ಐದು ಕುಕ್ಕಿನಂತೆ ಗಂಟೆಗಟ್ಟಲೆ ನಡೆಸಿದ ಹಕ್ಕಿಗಳಿದ್ದವು. ಜೂಜಿನ ಯಂತ್ರಗಳೂ ಇದೇ ಲೆಕ್ಕದವು ಎಂದು ಸ್ಕಿನ್ನರ್ ಗುರುತಿಸಿದ್ದರು.

ರಮ್ಮಿಯಲ್ಲಿ ಜಾಣನಿಗೆ ಗೆಲುವು ಹೆಚ್ಚು, ನಿಜ. ಆದರೆ ಆ ಗೆಲುವು ಎಷ್ಟನೇ ಆಟಕ್ಕೆ ಎಂಬುದು ಅವನಿಗೂ ತಿಳಿಯದು. ಹಾಗಾಗಿ ನ್ಯಾಯಾಲಯಗಳ ಜಾಣ್ಮೆಯ ಅಳತೆಗೋಲಿನಿಂದ ಚಟವನ್ನು ಅಳೆಯಲಾಗದು ಎಂಬುದು ನನ್ನ ಅಭಿಪ್ರಾಯ. ಆನ್‌ಲೈನ್ ಆಟಗಳ ಬಗೆಗಿನ ಕೇಂದ್ರದ 2025ರ ಕಾನೂನು ಜಾಣ್ಮೆಯ ಆಟ, ಅದೃಷ್ಟದ ಆಟ ಎಂಬ ಭೇದವನ್ನೇ ಕೈಬಿಟ್ಟಿತು.

ಇನ್ನು ನಿಷೇಧದ ನಂತರದ ಮಾತು: ಆಡುವವನಿಗೆ ಅದು ಕಾಳು ನಿಂತ ಹಾಗೆ. ಪ್ರತಿ ಕುಕ್ಕಿಗೂ ಕಾಳು ಕಂಡ ಹಕ್ಕಿ, ಕಾಳು ನಿಂತರೆ ಬೇಗ ಕೈಬಿಡುತ್ತದೆ. ಆಗೊಮ್ಮೆ ಈಗೊಮ್ಮೆ ಮಾತ್ರ ಕಾಳು ಕಂಡದ್ದು 10,000 ಸಲ ಬರಿದೇ ಕುಕ್ಕಬಲ್ಲದು. ಉದ್ದುದ್ದ ಬರಗಾಲ ಅದರ ಪಾಠದಲ್ಲೇ ಸೇರಿತ್ತು. ಕಾಳು ತಡವಾಗಿದೆಯೋ, ಪೂರ್ತಿ ನಿಂತೇ ಹೋಗಿದೆಯೋ ಎಂದು ತಿಳಿಯಲು ಅದಕ್ಕೆ ಯಾವ ಗುರುತೂ ಇಲ್ಲ.