ಬೂಸಾದಿಂದ ಕಿಣ್ವ

ಗಿರಣಿಯಲ್ಲಿ ಹಿಟ್ಟು ತೆಗೆದಮೇಲೆ ಉಳಿಯುವ ಗೋಧಿ ಬೂಸಾ ದನದ ಕಲಗಚ್ಚಿಗಷ್ಟೇ ಎಂದು ತಿಳಿಯಬೇಡಿ. ಅದರಿಂದ ಕಿಣ್ವವನ್ನೂ ತಯಾರಿಸುತ್ತಾರೆ. ಕಿಣ್ವ ಅಂದರೇನು? ಮೊಳಕೆ ಬಂದ ರಾಗಿ ಸಿಹಿಯಾಗುತ್ತದಲ್ಲ, ಕಾಳಿನ ಗಂಜಿಯ ಅಂಶವನ್ನು ಹಾಗೆ ಸಕ್ಕರೆ ಮಾಡುವುದು ಒಂದು ಕಿಣ್ವ. ಕೆಲವು ಜಾತಿಯ ಬೂಷ್ಟುಗಳಲ್ಲೂ ಇದು ಉಂಟು.

ಬೂಸಾದ ಮೇಲೆ ಬೂಷ್ಟು ಬೆಳೆಸಿ ಕಿಣ್ವ ತೆಗೆಯುವ ವಿಧಾನಕ್ಕೆ ಜಪಾನಿನ ಜೋಕಿಚಿ ತಕಮೀನೆ 1894ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಬೂಸಾಕ್ಕೆ ನೀರು ಚಿಮುಕಿಸಿ, ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಆಯ್ದ ಬೂಷ್ಟಿನ ಬೀಜ ಬೆರೆಸಿ ತಟ್ಟೆಗಳಲ್ಲಿ ಹರಡುತ್ತಾರೆ. ಕೆಲವು ದಿನಗಳಲ್ಲಿ ಬೂಷ್ಟು ಹಬ್ಬುತ್ತದೆ. ಅದನ್ನು ನೀರಲ್ಲಿ ನೆನೆಸಿ ಸೋಸಿದರೆ ಕಿಣ್ವ ನೀರಿಗಿಳಿಯುತ್ತದೆ. ಬಟ್ಟೆ ಗಿರಣಿಯವರಿಗೆ ನೂಲಿನ ಗಂಜಿ ಬಿಡಿಸಲು ಇಂಥ ಕಿಣ್ವ ಬೇಕು.

“ಹಾಗಾದರೆ ನಮ್ಮ ಕೊಟ್ಟಿಗೆಯ ಬೂಷ್ಟು ಹಿಡಿದ ಬೂಸಾವೂ ಒಳ್ಳೆಯದೇ?” ಅಂತೀರೋ? ಖಂಡಿತ ಅಲ್ಲ! ಅಲ್ಲಿ ಬೆಳೆಸುವುದು ಪರೀಕ್ಷೆಮಾಡಿದ ಬೂಷ್ಟು. ತಾನಾಗಿ ಬಂದದ್ದರಲ್ಲಿ ವಿಷದ ಜಾತಿಯೂ ಇದ್ದೀತು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಆ ವಿಷ ಹಸುವಿನ ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗದು.

ಆದ್ದರಿಂದ ಬೂಸಾ ಚೀಲವನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಬೂಷ್ಟು ಕಂಡರೆ ದನಕ್ಕೂ ಬೇಡ, ಕೋಳಿಗೂ ಬೇಡ. ಗುಂಡಿ ತೋಡಿ ಹೂತುಬಿಡಿ.